ಎಡೆನ್‌ಹೋಪ್‌ಗೆ ಹೋದ ಟಾಮ್ ವಿಲ್ಸ್

ಒಂದು ಪದಕದಿಂದ ಶುರು ಮಾಡುತ್ತೇನೆ. 2020ರ ಡಿಸೆಂಬರ್ ನಿಮಗೆಲ್ಲ ನೆನಪಿದೆ, ಅಲ್ವಾ? ಅಡಿಲೇಡ್‌ನಲ್ಲಿ ನಮ್ಮವರು 36ಕ್ಕೆ ಆಲ್ ಔಟ್ ಆಗಿದ್ದರು. ಕೊಹ್ಲಿ ಊರಿಗೆ ವಾಪಸ್ ಬಂದಿದ್ದರು. ಇನ್ನು ಈ ಸರಣಿ ಮುಗಿದ ಹಾಗೇ ಅಂತ ಎಲ್ಲರೂ ಅಂದುಕೊಂಡಿದ್ದೆವು. ಹತ್ತೇ ದಿನದಲ್ಲಿ ಮೆಲ್ಬರ್ನ್‌ನಲ್ಲಿ ಅಜಿಂಕ್ಯ ರಹಾನೆ 112 ಹೊಡೆದರು, ಭಾರತ 8 ವಿಕೆಟ್‌ಗಳಿಂದ ಗೆದ್ದಿತು. ಆಮೇಲೆ ರಹಾನೆ ಅವರಿಗೆ ಒಂದು ಪದಕ ಕೊಟ್ಟರು. ಅದರ ಹೆಸರು ಜಾನಿ ಮುಲ್ಲಾ ಪದಕ. ಅದನ್ನು ಮೊಟ್ಟಮೊದಲು ಪಡೆದವರೇ ರಹಾನೆ.

ಆ ಪದಕವನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಅದರ ಆಕಾರ ಎಲ್ಲಿಂದ ಬಂತು ಗೊತ್ತಾ? ಬೆಲ್ಟಿನ ಬಕಲ್‌ನಿಂದ. 1868ರಲ್ಲಿ ಆಸ್ಟ್ರೇಲಿಯಾದ ಮೂಲನಿವಾಸಿಗಳ ಒಂದು ಕ್ರಿಕೆಟ್ ತಂಡ ಇಂಗ್ಲೆಂಡಿಗೆ ಹೋಗಿತ್ತು. ಆ ಆಟಗಾರರು ಸೊಂಟಕ್ಕೆ ಕಟ್ಟುತ್ತಿದ್ದ ಬೆಲ್ಟಿನ ಬಕಲ್ ನೋಡಿಕೊಂಡೇ ಈ ಪದಕ ಮಾಡಿದ್ದಾರೆ. ಜಾನಿ ಮುಲ್ಲಾ ಆ ತಂಡದ ದೊಡ್ಡ ಆಟಗಾರ. ಅವರ ಸ್ವಂತ ಹೆಸರು ಉನಾರ್ರಿಮಿನ್.

ಇಂಗ್ಲೆಂಡಿಗೆ ಹೋಗುವ ಒಂದೂವರೆ ವರ್ಷ ಮೊದಲು, 1866ರ ಡಿಸೆಂಬರ್ 26ರಂದು, ಮುಲ್ಲಾ ಮತ್ತು ಅವರ ಜೊತೆಯವರು ಅದೇ ಮೆಲ್ಬರ್ನ್ ಮೈದಾನದಲ್ಲಿ ಆಡಿದ್ದರು. ಅದೇ ಬಾಕ್ಸಿಂಗ್ ಡೇ, ಅದೇ ಜಾಗ. ಅವತ್ತು ಆ ತಂಡದ ಮುಂದೆ ನಡೆದು ಬಂದ ಕ್ಯಾಪ್ಟನ್ ಒಬ್ಬ ಬಿಳಿಯ. ಹೆಸರು ಟಾಮ್ ವಿಲ್ಸ್. ಆ ದಿನಕ್ಕೆ ಐದು ವರ್ಷ ಹಿಂದೆ ಅವನ ತಂದೆಯನ್ನು ಮೂಲನಿವಾಸಿಗಳು ಕೊಂದಿದ್ದರು.

ನಾನು ಇವತ್ತು ಮಾತಾಡಲು ಬಂದಿರುವುದು ಈ ಮನುಷ್ಯನ ಬಗ್ಗೆ. ಅವನನ್ನು ಏಕವಚನದಲ್ಲೇ ಕರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಅವನ ಬಗ್ಗೆ ಓದುತ್ತಾ ಓದುತ್ತಾ ಮನೆಯ ಹುಡುಗನ ಹಾಗೆ ಆಗಿಬಿಟ್ಟಿದ್ದಾನೆ.

ಇಷ್ಟೆಲ್ಲ ಕ್ರಿಕೆಟ್ ಮಾತು ಕೇಳಿ, ಉಪನ್ಯಾಸ ಫುಟ್‌ಬಾಲ್ ಬಗ್ಗೆ ಅಂದಿದ್ದರಲ್ಲ ಅಂತ ನಿಮಗೆ ಅನಿಸಬಹುದು. ಹೌದು, ಫುಟ್‌ಬಾಲ್ ಬಗ್ಗೆಯೇ. ಆಸ್ಟ್ರೇಲಿಯಾದವರ ಸ್ವಂತ ಫುಟ್‌ಬಾಲ್ ಬಗ್ಗೆ. ಟಿವಿಯಲ್ಲಿ ಯಾವಾಗಲಾದರೂ ನೋಡಿರುತ್ತೀರಿ. ತೋಳಿಲ್ಲದ ಬನಿಯನ್, ಚಿಕ್ಕ ಚಡ್ಡಿ, ಮೊಟ್ಟೆಯ ಹಾಗಿರುವ ಚೆಂಡು. ಕ್ರಿಕೆಟ್ ಆಡುವ ಅಂಡಾಕಾರದ ಮೈದಾನವೇ ಅವರಿಗೂ ಮೈದಾನ. ಒಂದೊಂದು ಕಡೆ 18 ಜನ. ಎರಡೂ ತುದಿಯಲ್ಲಿ ನಾಲ್ಕು ನಾಲ್ಕು ಕಂಬ. ನಡುವಿನ ಎರಡು ಕಂಬಗಳ ಮಧ್ಯೆ ಒದ್ದರೆ 6 ಪಾಯಿಂಟ್, ಪಕ್ಕದ ಕಂಬಗಳ ಮಧ್ಯೆ ಹೋದರೆ 1. ಚೆಂಡನ್ನು ಕೈಯಲ್ಲಿ ಹಿಡಿದು ಓಡಬಹುದು, ಆದರೆ 15 ಮೀಟರಿಗೊಮ್ಮೆ ನೆಲಕ್ಕೆ ತಾಗಿಸಬೇಕು. ಎಸೆಯುವ ಹಾಗಿಲ್ಲ. ಒದೆಯಬೇಕು, ಇಲ್ಲ ಒಂದು ಕೈಯಲ್ಲಿಟ್ಟು ಇನ್ನೊಂದು ಮುಷ್ಟಿಯಿಂದ ಗುದ್ದಬೇಕು. ಒದ್ದ ಚೆಂಡನ್ನು ಯಾರಾದರೂ ಗಾಳಿಯಲ್ಲೇ ಹಿಡಿದರೆ ಅದಕ್ಕೆ ಮಾರ್ಕ್ ಅಂತಾರೆ. ಹಿಡಿದವನನ್ನು ಆಗ ಯಾರೂ ಮುಟ್ಟುವಂತಿಲ್ಲ, ಅವನು ನಿಂತು ಸಮಾಧಾನವಾಗಿ ಒದೆಯಬಹುದು. ಅದಕ್ಕೇ ಅವರು ಎದುರಾಳಿಯ ಬೆನ್ನು, ಭುಜದ ಮೇಲೆಲ್ಲ ಮೊಣಕಾಲಿಟ್ಟು ಮೇಲಕ್ಕೆ ಹಾರುತ್ತಾರೆ. ನೋಡಲು ಎಷ್ಟು ಚೆಂದ ಅಂದರೆ, ಒಂದು ಸಲ ನೋಡಿದವರು ಮತ್ತೆ ನೋಡದೆ ಇರುವುದಿಲ್ಲ. 1970ರ ಫೈನಲ್ ನೋಡಲು ಮೆಲ್ಬರ್ನ್ ಮೈದಾನಕ್ಕೆ 1,21,696 ಜನ ಬಂದಿದ್ದರು.

ಈ ಆಟದ ಮೊದಲ ನಿಯಮಗಳನ್ನು ಬರೆದ ನಾಲ್ವರಲ್ಲಿ ಒಬ್ಬ ಟಾಮ್ ವಿಲ್ಸ್. ಆಟದ ಮೊದಲ ಹತ್ತು ವರ್ಷಗಳಲ್ಲಿ ಅವನಷ್ಟು ದುಡಿದವರು ಇನ್ನೊಬ್ಬರಿಲ್ಲ.

ಟಾಮ್ ಹುಟ್ಟಿದ್ದು 1835ರ ಆಗಸ್ಟ್ 19ರಂದು, ನ್ಯೂ ಸೌತ್ ವೇಲ್ಸ್‌ನ ಮೊಲಾಂಗ್ಲೊ ಬಯಲಿನ ಕಡೆ. ತಾತ ಇಂಗ್ಲೆಂಡಿನಲ್ಲಿ ದಾರಿಗಳ್ಳತನಕ್ಕೆ ಸಿಕ್ಕಿಬಿದ್ದು ಹಡಗಿನಲ್ಲಿ ಗಡಿಪಾರಾಗಿ ಬಂದವರು. ತಾಯಿ ಎಲಿಜಬೆತ್ ಐರಿಶ್ ಕೈದಿಗಳ ಮಗಳು. ತಂದೆ ಹೊರೇಷಿಯೊ ಚಿಕ್ಕ ವಯಸ್ಸಿನಲ್ಲಿ ಪತ್ರಿಕೆ ನಡೆಸಿದವರು, ಆಮೇಲೆ ಕುರಿ ಸಾಕಿ ದೊಡ್ಡವರಾದವರು. ಆ ಕಾಲದ ಸಿಡ್ನಿಯಲ್ಲಿ ಕೈದಿಯ ಮಕ್ಕಳು ಅನ್ನುವ ಮಾತು ಮೈಮೇಲಿನ ಕಲೆಯ ಹಾಗೆ. ತೊಳೆದರೂ ಹೋಗುತ್ತಿರಲಿಲ್ಲ. ಹೊರೇಷಿಯೊ ಆ ಕಲೆ ತೊಳೆಯಲು ಜೀವನವಿಡೀ ದುಡಿದರು ಅಂತ ನನಗನಿಸುತ್ತದೆ. ಮಗನಿಗೆ ಟಾಮಸ್ ವೆಂಟ್‌ವರ್ತ್ ವಿಲ್ಸ್ ಅಂತ ಹೆಸರಿಟ್ಟರು. ಆ ವೆಂಟ್‌ವರ್ತ್ ಅನ್ನುವುದು ಅಂದಿನ ಸಿಡ್ನಿಯ ದೊಡ್ಡ ರಾಜಕಾರಣಿ ವಿಲಿಯಂ ವೆಂಟ್‌ವರ್ತ್ ಅವರ ಹೆಸರು.

ಟಾಮ್‌ಗೆ ನಾಲ್ಕೈದು ವರ್ಷ ಇರುವಾಗ ಮನೆಯವರೆಲ್ಲ ಗಾಡಿ ಕಟ್ಟಿಕೊಂಡು, ಕುರಿ ಹೊಡೆದುಕೊಂಡು ದಕ್ಷಿಣಕ್ಕೆ ಹೋದರು. ಈಗಿನ ವಿಕ್ಟೋರಿಯಾ ರಾಜ್ಯದಲ್ಲಿ ಗ್ರಾಂಪಿಯನ್ಸ್ ಅನ್ನುವ ಬೆಟ್ಟಸಾಲು ಇದೆ. ಅದರ ಪಕ್ಕದ ಬಯಲಿನಲ್ಲಿ ಮನೆ ಮಾಡಿ ಲೆಕ್ಸಿಂಗ್ಟನ್ ಅಂತ ಹೆಸರಿಟ್ಟರು. ಆ ಜಾಗ ಖಾಲಿ ಇರಲಿಲ್ಲ. ಅದು ಜಾಬ್ ವುರುಂಗ್ ಜನರ ನೆಲ. ಅವರು ಅಲ್ಲಿ ಸಾವಿರಾರು ವರ್ಷಗಳಿಂದ ಇದ್ದರು. ಕುರಿ ಬಂತು, ಹುಲ್ಲು ಹೋಯಿತು, ನೀರಿನ ಗುಂಡಿಗಳು ಹೋದವು, ಜಗಳ ಬಂತು, ಬಂದೂಕು ಬಂತು. ಇದು ಆ ಪ್ರಾಂತ್ಯದ ತುಂಬ ಆದ ಕಥೆ.

ಆದರೆ ಮಕ್ಕಳಿಗೆ ಮಕ್ಕಳು ಬೇಕು ನೋಡಿ. ಸುತ್ತಮುತ್ತ ಬಿಳಿಯ ಮಕ್ಕಳು ಇರಲಿಲ್ಲ. ಟಾಮ್ ಜಾಬ್ ವುರುಂಗ್ ಮಕ್ಕಳ ಜೊತೆ ಆಡಿಕೊಂಡು ಬೆಳೆದ. ಅವರ ಮಾತು ಕಲಿತ, ಹಾಡು ಕಲಿತ. ಅವರ ಹಾವಭಾವ ಎಲ್ಲ ಹಾಗೇ ಮಾಡಿ ತೋರಿಸುತ್ತಿದ್ದ. ಅವನ ಸಂಬಂಧಿ ಹ್ಯಾರಿಸನ್ ಮುದಿ ವಯಸ್ಸಿನಲ್ಲೂ ಇದನ್ನು ನೆನಪಿಸಿಕೊಂಡು ಬರೆದಿದ್ದಾರೆ. ಆ ಮಕ್ಕಳಿಗೂ ಅದು ಖುಷಿ ಕೊಡುತ್ತಿತ್ತಂತೆ.

ಹದಿನಾಲ್ಕನೇ ವಯಸ್ಸಿಗೆ ತಂದೆ ಅವನನ್ನು ಹಡಗು ಹತ್ತಿಸಿ ಇಂಗ್ಲೆಂಡಿಗೆ ಕಳಿಸಿದರು. 1850ರಲ್ಲಿ ರಗ್ಬಿ ಶಾಲೆಗೆ ಸೇರಿಸಿದರು. ಕೈದಿಯ ಮೊಮ್ಮಗ ಇಂಗ್ಲೆಂಡಿನ ಶ್ರೀಮಂತರ ಮಕ್ಕಳ ಪಕ್ಕ ಕೂರಬೇಕು, ಓದಿ ವಕೀಲನಾಗಬೇಕು. ಇದು ತಂದೆಯ ಆಸೆ. ಓದು ಅವನಿಗೆ ಹತ್ತಲಿಲ್ಲ. ಆಟ ಹತ್ತಿತು. ಶಾಲೆಯ ಕ್ರಿಕೆಟ್ ಕ್ಯಾಪ್ಟನ್ ಆದ. ಆ ಶಾಲೆಯ ಒರಟು ಫುಟ್‌ಬಾಲನ್ನೂ ಕಲಿತ. ಆಮೇಲೆ ಕೆಂಟ್ ಪರ ಆಡಿದ, ಮೆರಿಲಿಬೋನ್ ಕ್ಲಬ್ ಪರ ಆಡಿದ. 1856ರಲ್ಲಿ ಕೇಂಬ್ರಿಡ್ಜ್‌ನಲ್ಲಿ ಒಂದು ದಿನವೂ ಓದದೆ, ಆಕ್ಸ್‌ಫರ್ಡ್ ವಿರುದ್ಧ ಕೇಂಬ್ರಿಡ್ಜ್ ತಂಡದಲ್ಲಿ ಆಡಿದ! ವಕೀಲ ಮಾತ್ರ ಆಗಲಿಲ್ಲ.

1856ರ ಕ್ರಿಸ್‌ಮಸ್‌ಗೆ ಎರಡು ದಿನ ಇರುವಾಗ ಮೆಲ್ಬರ್ನ್‌ನಲ್ಲಿ ಹಡಗಿನಿಂದ ಇಳಿದ. ಅವನು ಬಿಟ್ಟುಹೋದ ಮೆಲ್ಬರ್ನ್ ಬೇರೆ, ಇಳಿದ ಮೆಲ್ಬರ್ನ್ ಬೇರೆ. 1851ರಲ್ಲಿ ವಿಕ್ಟೋರಿಯಾದಲ್ಲಿ ಚಿನ್ನ ಸಿಕ್ಕಿತ್ತು. ಲೋಕದ ಎಲ್ಲ ಮೂಲೆಯಿಂದ ಜನ ಬಂದು ತುಂಬಿದ್ದರು. ದುಡ್ಡಿತ್ತು, ಬಿಡುವಿತ್ತು, ಆಟ ನೋಡಬೇಕೆಂಬ ಹಸಿವಿತ್ತು. ಇಪ್ಪತ್ತೊಂದು ವರ್ಷದ ಟಾಮ್ ಬಂದವನೇ ವಿಕ್ಟೋರಿಯಾ ಕ್ರಿಕೆಟ್‌ಗೆ ದೊಡ್ಡ ಹೆಸರಾದ. 1858ರ ಜನವರಿಯಲ್ಲಿ ವಿಕ್ಟೋರಿಯಾ ಮೊದಲ ಸಲ ನ್ಯೂ ಸೌತ್ ವೇಲ್ಸ್ ಅನ್ನು ಸೋಲಿಸಿದಾಗ ಕ್ಯಾಪ್ಟನ್ ಇವನೇ. ಮೆಲ್ಬರ್ನ್ ಕ್ರಿಕೆಟ್ ಕ್ಲಬ್‌ನವರು ಕರೆದು ಕಾರ್ಯದರ್ಶಿ ಮಾಡಿದರು. ಅದು ತಪ್ಪಾಯಿತು. ಲೆಕ್ಕಪತ್ರ, ಕಾಗದ, ನಡಾವಳಿ ಎಲ್ಲ ಕಲಸುಮೇಲೋಗರ ಮಾಡಿಟ್ಟು ಆ ಕೆಲಸದಿಂದ ಹೊರಬಂದ. ಮೇಜಿನ ಮುಂದೆ ಕೂರುವ ಜೀವ ಅಲ್ಲ ಅದು.

1858ರ ಜುಲೈ 10. ಈ ತಾರೀಕು ಬರೆದಿಟ್ಟುಕೊಳ್ಳಿ. ಆವತ್ತು ಮೆಲ್ಬರ್ನ್‌ನ ಒಂದು ಕ್ರೀಡಾ ಪತ್ರಿಕೆಯಲ್ಲಿ ಟಾಮ್ ಬರೆದ ಒಂದು ಕಾಗದ ಅಚ್ಚಾಯಿತು. ಅಲ್ಲಿ ಜುಲೈ ಅಂದರೆ ಚಳಿಗಾಲ, ಕ್ರಿಕೆಟ್ ಇಲ್ಲ. ಕ್ರಿಕೆಟ್ ಆಟಗಾರರೆಲ್ಲ ಗೂಡು ಕಟ್ಟಿಕೊಂಡ ಹುಳುವಿನ ಹಾಗೆ ಸುಮ್ನೆ ಮಲಗಿದ್ದಾರೆ, ಮೈ ಜಡವಾಗುವ ಮೊದಲು ಒಂದು ಫುಟ್‌ಬಾಲ್ ಕ್ಲಬ್ ಯಾಕೆ ಕಟ್ಟಬಾರದು, ಮೂರ್ನಾಲ್ಕು ಜನರ ಸಮಿತಿ ಮಾಡಿ ನಿಯಮ ಯಾಕೆ ಬರೆಯಬಾರದು ಅಂತ ಕೇಳಿದ. ಫುಟ್‌ಬಾಲ್ ಬೇಡ ಅಂದರೆ ಬಂದೂಕಿನ ಗುರಿ ಕಲಿಯುವ ಕ್ಲಬ್ ಆದರೂ ಆಗಲಿ ಅಂದ.

ಅದೇ ಕಾಗದದಲ್ಲಿ ನನಗೆ ತುಂಬ ಇಷ್ಟವಾದ ಇನ್ನೊಂದು ಮಾತಿದೆ. ಕ್ರಿಕೆಟ್ ಮೈದಾನವನ್ನು ಹೀಗೆ ತುಳಿದರೆ ಮೈದಾನಕ್ಕೂ ಒಳ್ಳೆಯದು, ಹುಲ್ಲು ನೆಲ ಗಟ್ಟಿಯಾಗುತ್ತದೆ ಅಂತ. ಜೊತೆಗೆ ದಪ್ಪ ಆಗುತ್ತಿರುವವರಿಗೂ ಒಳ್ಳೆಯದು ಅಂತ. ನೋಡಿ, ಇದು ದೊಡ್ಡ ಸಿದ್ಧಾಂತ ಹೇಳುವವನ ಕಾಗದ ಅಲ್ಲ. ಆಡುವವನ ಕಾಗದ. ಅವನಿಗೆ ನೆಲ ಗೊತ್ತು, ಮೈ ಗೊತ್ತು. ಮೈದಾನ ನೋಡಿಕೊಳ್ಳುವವರು ಆ ಮಾತು ನಂಬಲಿಲ್ಲ. ಫುಟ್‌ಬಾಲ್‌ನವರನ್ನು ಬಹಳ ವರ್ಷ ಒಳಗೆ ಬಿಡಲಿಲ್ಲ. ಅವರು ಹೊರಗಿನ ರಿಚ್‌ಮಂಡ್ ಪ್ಯಾಡಾಕ್‌ನಲ್ಲಿ ಆಡಿದರು. ನಡುನಡುವೆ ನೀಲಗಿರಿ ಜಾತಿಯ ಮರಗಳು, ಉಬ್ಬುತಗ್ಗು ನೆಲ. ಮರ ಸುತ್ತಿಕೊಂಡು ಓಡಬೇಕು.

ಕಾಗದ ಬಂದ ತಿಂಗಳೊಳಗೆ, ಆಗಸ್ಟ್ 7ರಂದು, ಎರಡು ಶಾಲೆಗಳ ನಡುವೆ ಪಂದ್ಯ ನಡೆಯಿತು. ಮೆಲ್ಬರ್ನ್ ಗ್ರಾಮರ್ ಮತ್ತು ಸ್ಕಾಚ್ ಕಾಲೇಜು. ಒಂದೊಂದು ಕಡೆ 40 ಹುಡುಗರು! ಅಂಪೈರ್‌ಗಳು ಇಬ್ಬರು. ಒಬ್ಬ ಟಾಮ್. ಇನ್ನೊಬ್ಬರು ಡಾಕ್ಟರ್ ಜಾನ್ ಮೆಕಾಡಮ್. ಈಗ ಡ್ರೈ ಫ್ರೂಟ್ಸ್ ಅಂಗಡಿಯಲ್ಲಿ ಮೆಕಡೇಮಿಯ ಅಂತ ದುಬಾರಿ ಬೀಜ ಸಿಗುತ್ತದಲ್ಲ, ಅದಕ್ಕೆ ಇವರದೇ ಹೆಸರು. ಆ ಪಂದ್ಯ ಒಂದು ದಿನಕ್ಕೆ ಮುಗಿಯಲಿಲ್ಲ. ಇನ್ನೂ ಎರಡು ಶನಿವಾರ ಆಡಿದರು. ಕೊನೆಗೂ ಒಂದೊಂದು ಗೋಲ್, ಡ್ರಾ. ಆ ಎರಡು ಶಾಲೆಗಳು ಇವತ್ತಿಗೂ ಪ್ರತಿ ವರ್ಷ ಒಂದು ಕಪ್‌ಗಾಗಿ ಆಡುತ್ತವೆ.

ಮುಂದಿನ ವರ್ಷ, 1859ರ ಮೇ 17. ಪೂರ್ವ ಮೆಲ್ಬರ್ನ್‌ನಲ್ಲಿ ಪರೇಡ್ ಹೋಟೆಲ್ ಅಂತ ಇತ್ತು. ಜೆರ್ರಿ ಬ್ರಯಂಟ್ ಅನ್ನುವ ಕ್ರಿಕೆಟ್ ಆಟಗಾರ ಅದರ ಯಜಮಾನ. ಅಲ್ಲಿ ನಾಲ್ವರು ಕೂತರು. ಟಾಮ್ ವಿಲ್ಸ್, ವಿಲಿಯಂ ಹ್ಯಾಮರ್ಸ್‌ಲಿ, ಜೇಮ್ಸ್ ಥಾಂಪ್ಸನ್, ಟಾಮಸ್ ಸ್ಮಿತ್. ಹ್ಯಾಮರ್ಸ್‌ಲಿ ಮತ್ತು ಥಾಂಪ್ಸನ್ ಪತ್ರಕರ್ತರು, ಕೇಂಬ್ರಿಡ್ಜ್‌ನಲ್ಲಿ ಓದಿದವರು. ಸ್ಮಿತ್ ಐರಿಶ್ ಮೇಷ್ಟ್ರು. ರಗ್ಬಿ, ಈಟನ್, ಹ್ಯಾರೊ, ವಿಂಚೆಸ್ಟರ್ ಶಾಲೆಗಳ ನಿಯಮ ಮುಂದಿಟ್ಟುಕೊಂಡು ಒಂದೊಂದಾಗಿ ನೋಡಿದರು. ಟಾಮ್‌ಗೆ ತನ್ನ ರಗ್ಬಿ ಶಾಲೆಯ ನಿಯಮಗಳ ಮೇಲೆ ಒಲವು. ಉಳಿದವರಿಗೆ ಅವು ಅರ್ಥವೇ ಆಗಲಿಲ್ಲ ಅಂತ ಹ್ಯಾಮರ್ಸ್‌ಲಿ ಆಮೇಲೆ ಬರೆದಿದ್ದಾರೆ.

ಅಲ್ಲಿ ಮುಖ್ಯವಾಗಿ ತೀರ್ಮಾನ ಆದದ್ದು ಒದೆಯುವ ವಿಷಯ. ಚೆಂಡನ್ನಲ್ಲ, ಕಾಲನ್ನು. ರಗ್ಬಿ ಶಾಲೆಯಲ್ಲಿ ಎದುರಾಳಿಯ ಮುಂಗಾಲಿಗೆ ಬೂಟಿನಿಂದ ಒದೆಯುವುದು ಆಟದ ಭಾಗವೇ ಆಗಿತ್ತು. ಶಾಲೆಯ ಹುಡುಗ ಗಾಯ ಮಾಡಿಕೊಂಡರೆ ಹಾಸ್ಟೆಲಿನಲ್ಲಿ ಮಲಗುತ್ತಾನೆ. ಆದರೆ ಮೆಲ್ಬರ್ನ್‌ನಲ್ಲಿ ಆಡುವವರು ದೊಡ್ಡವರು. ಸೋಮವಾರ ಬೆಳಗ್ಗೆ ಕೆಲಸಕ್ಕೆ ಹೋಗಬೇಕು. ಮೇಲಾಗಿ ಇಂಗ್ಲೆಂಡಿನ ಮೆತ್ತನೆಯ ಒದ್ದೆ ಹುಲ್ಲಲ್ಲ ಅದು, ಗಟ್ಟಿ ನೆಲ. ಬಿದ್ದರೆ ಮೂಳೆ ಮುರಿಯುತ್ತದೆ. ಹಾಗಾಗಿ ಕಾಲಿಗೆ ಒದೆಯುವುದು ಬೇಡ ಅಂದರು. ತಳ್ಳಬಹುದು, ಕಾಲು ಕೊಟ್ಟು ಬೀಳಿಸಬಹುದು, ಅಷ್ಟೇ. ಚೆಂಡನ್ನು ಎಸೆಯುವಂತಿಲ್ಲ. ನೆಲದಿಂದ ಎತ್ತುವಂತಿಲ್ಲ. ಗಾಳಿಯಲ್ಲಿ ಹಿಡಿದು ಮಾರ್ಕ್ ಅಂದರೆ ಫ್ರೀ ಕಿಕ್. ಗೋಲ್‌ಗಳು ಎಷ್ಟು ದೂರ ಇರಬೇಕು ಅನ್ನುವುದನ್ನು ಕ್ಯಾಪ್ಟನ್‌ಗಳೇ ಮಾತಾಡಿಕೊಂಡು ಗೊತ್ತು ಮಾಡಲಿ. ಒಟ್ಟು ಹತ್ತು ನಿಯಮ, ಒಂದು ಹಾಳೆಗೆ ಸಾಕು. ಆಫ್‌ಸೈಡ್ ಬಗ್ಗೆ, ಅಂದರೆ ಚೆಂಡಿಗಿಂತ ಮುಂದೆ ಹೋಗಿ ನಿಂತು ಆಡಬಾರದು ಅನ್ನುವ ನಿಯಮದ ಬಗ್ಗೆ, ಒಂದಕ್ಷರವೂ ಇಲ್ಲ. ಬರೆಯದೆ ಬಿಟ್ಟ ಆ ಒಂದು ನಿಯಮದಿಂದಲೇ ಆಟಗಾರರು ಮೈದಾನದ ಎಲ್ಲ ಕಡೆ ಹರಡಿ ನಿಲ್ಲುವಂತಾಯಿತು.

ನಿಮ್ಮ ಬೀದಿಯ ಕ್ರಿಕೆಟ್ ನೆನಪು ಮಾಡಿಕೊಳ್ಳಿ. ಕಾಂಪೌಂಡ್ ದಾಟಿದರೆ ಔಟ್, ಒನ್ ಪಿಚ್ ಕ್ಯಾಚ್ ಔಟ್, ಆ ಕಿಟಕಿಗೆ ಬಿದ್ದರೆ ಆಟ ಮುಗೀತು. ಈ ನಿಯಮ ಎಲ್ಲಿಂದ ಬಂದವು? ಆ ಬೀದಿಯಿಂದಲೇ. ಅಲ್ಲೂ ಆದದ್ದು ಅದೇ. ನಮಗೆ ನಮ್ಮದೇ ಒಂದು ಆಟ ಇರಲಿ ಅಂತ ಟಾಮ್ ಹೇಳಿದ್ದನ್ನು ಹ್ಯಾರಿಸನ್ ನೆನಪಿಟ್ಟುಕೊಂಡಿದ್ದರು. ಇನ್ನೊಂದು ಮಾತು. ಇಂಗ್ಲೆಂಡಿನಲ್ಲಿ ಫುಟ್‌ಬಾಲ್ ಅಸೋಸಿಯೇಷನ್ ಹುಟ್ಟಿದ್ದು 1863ರಲ್ಲಿ. ಅಂದರೆ ಇವರು ಹಾಳೆ ಬರೆದು ನಾಲ್ಕು ವರ್ಷ ಆದ ಮೇಲೆ.

ಆಟಗಾರನಾಗಿ ಟಾಮ್ ಹೇಗಿದ್ದ? ಮೆಲ್ಬರ್ನ್‌ಗೆ ಆಡಿದ, ರಿಚ್‌ಮಂಡ್‌ಗೆ ಆಡಿದ, ಜಾಸ್ತಿ ವರ್ಷ ಜೀಲಾಂಗ್‌ಗೆ ಆಡಿದ. ಎಲ್ಲ ಸೇರಿ ಇನ್ನೂರಕ್ಕೂ ಹೆಚ್ಚು ಪಂದ್ಯ. ಆ ಕಾಲದ ಆಟ ಅಂದರೆ ಚೆಂಡಿನ ಸುತ್ತ ಜನ ಗುಂಪು ಕಟ್ಟಿ ನೂಕಾಡುವುದು. ಗೋಲ್ ಅಪರೂಪ. ಎರಡು ಗೋಲ್ ಯಾರು ಮೊದಲು ಹೊಡೆಯುತ್ತಾರೋ ಅವರು ಗೆದ್ದ ಹಾಗೆ. ಅಂಥ ಕಾಲದಲ್ಲಿ ಇವನು ತಲೆ ಓಡಿಸಿದ. ಜೀಲಾಂಗ್‌ಗೆ ಕ್ಯಾಪ್ಟನ್ ಆಗಿದ್ದಾಗ ಬ್ಯಾಲರಾಟ್‌ನಲ್ಲಿ ಒಂದು ಪಂದ್ಯ. ಗಾಳಿ ಎದುರಾಳಿಯ ಕಡೆಗಿತ್ತು. ಟಾಮ್ ತನ್ನ ಆಟಗಾರರನ್ನೆಲ್ಲ ಹಿಂದಕ್ಕೆ ಕರೆದು ತನ್ನ ಗೋಲ್ ಮುಂದೆ ಗೋಡೆಯ ಹಾಗೆ ನಿಲ್ಲಿಸಿಬಿಟ್ಟ. ಬ್ಯಾಲರಾಟ್ ಜನ ಸಿಟ್ಟಿನಿಂದ ಕೂಗಾಡಿದರು, ಇದು ಗಂಡಸರ ಆಟವಲ್ಲ ಅಂದರು. ಇವತ್ತು ಎಲ್ಲ ಕೋಚ್‌ಗಳೂ ಅದನ್ನೇ ಮಾಡುತ್ತಾರೆ. ಅದಕ್ಕೊಂದು ಹೆಸರೂ ಇದೆ, ಫ್ಲಡಿಂಗ್ ಅಂತ.

ಈಗ ಕಷ್ಟದ ಭಾಗಕ್ಕೆ ಬರಬೇಕು.

1861ರಲ್ಲಿ ಹೊರೇಷಿಯೊ ಮಗನನ್ನು ಕರೆದುಕೊಂಡು ಕ್ವೀನ್ಸ್‌ಲ್ಯಾಂಡಿಗೆ ಹೊರಟರು. ಅಲ್ಲಿ ಸ್ಪ್ರಿಂಗ್‌ಶ್ಯೂರ್ ಹತ್ತಿರ ದೊಡ್ಡ ಜಾಗ ಹಿಡಿದಿದ್ದರು, ಕಲ್ಲಿನ್‌ಲಾರಿಂಗೊ ಅಂತ. ಸಾವಿರಾರು ಕುರಿ, ಎತ್ತಿನ ಗಾಡಿ, ಕೆಲಸದವರು, ಅವರ ಹೆಂಡತಿ ಮಕ್ಕಳು. ತಿಂಗಳುಗಟ್ಟಲೆ ನಡೆದು ಅಕ್ಟೋಬರ್‌ನಲ್ಲಿ ಮುಟ್ಟಿದರು. ಅದು ಗಾಯಿರಿ ಜನರ ನೆಲ. ಮುಟ್ಟಿ ಹೆಚ್ಚು ದಿನ ಆಗಿರಲಿಲ್ಲ. ದಾರಿಯಲ್ಲಿ ಬಿಟ್ಟು ಬಂದಿದ್ದ ಸಾಮಾನು ತರಲು ತಂದೆ ಟಾಮ್‌ನನ್ನು ಗಾಡಿಯ ಜೊತೆ ಕಳಿಸಿದರು. ಅಕ್ಟೋಬರ್ 17ರ ಮಧ್ಯಾಹ್ನ, ಎಲ್ಲರೂ ದಣಿದು ಮಲಗಿದ್ದಾಗ, ಗಾಯಿರಿ ಜನ ದಾಳಿ ಮಾಡಿದರು. ಹೊರೇಷಿಯೊ ಸೇರಿ 19 ಜನ ಸತ್ತರು. ಅದರಲ್ಲಿ ಹೆಂಗಸರಿದ್ದರು, ಮಕ್ಕಳಿದ್ದರು. ಆಸ್ಟ್ರೇಲಿಯಾದ ಇತಿಹಾಸದಲ್ಲಿ ಮೂಲನಿವಾಸಿಗಳ ಕೈಯಲ್ಲಿ ಒಂದೇ ಸಲ ಅಷ್ಟು ಬಿಳಿಯರು ಸತ್ತದ್ದು ಇನ್ನೊಂದಿಲ್ಲ.

ಯಾಕೆ ಮಾಡಿದರು? ಪಕ್ಕದ ಜಮೀನಿನ ಬಿಳಿಯರು ಸ್ವಲ್ಪ ದಿನದ ಹಿಂದೆ ಗಾಯಿರಿ ಜನರ ಮೇಲೆ ಗುಂಡು ಹಾರಿಸಿದ್ದರು, ಅದರ ಸೇಡು ಇವರ ಮೇಲೆ ಬಿತ್ತು ಅಂತ ವಿಲ್ಸ್ ಮನೆಯವರೇ ನಂಬಿದ್ದರು. ಇದರ ಮೇಲೆ ಬಿಳಿಯರ ಸೇಡು ಶುರುವಾಯಿತು. ಪೊಲೀಸರು, ಕುರಿ ಮಾಲೀಕರು ಸೇರಿ ನೂರಾರು ಮೂಲನಿವಾಸಿಗಳನ್ನು ಬೇಟೆಯಾಡಿ ಕೊಂದರು. 19ಕ್ಕೆ ನೂರಾರು.

ಟಾಮ್ ವಾಪಸ್ ಬರುವ ಹೊತ್ತಿಗೆ ಎಲ್ಲ ಮುಗಿದುಹೋಗಿತ್ತು. ಆಮೇಲೆ ಅವನು ಬರೆದ ಕಾಗದಗಳಲ್ಲಿ ಸೇಡಿನ ಮಾತಿದೆ. ಕಂಡವರನ್ನೆಲ್ಲ ಗುಂಡಿಟ್ಟು ಕೊಲ್ಲುವಂಥವರನ್ನು ಕಳಿಸಿ ಅಂತ ಕೇಳಿದ್ದಾನೆ. ಅವನೇ ಕೈಯಾರೆ ಆ ಬೇಟೆಗೆ ಹೋಗಿದ್ದನೇ ಅನ್ನುವ ಬಗ್ಗೆ ಇತಿಹಾಸಕಾರರು ಇವತ್ತಿಗೂ ವಾದ ಮಾಡುತ್ತಿದ್ದಾರೆ. ಇದನ್ನು ನಿಮ್ಮಿಂದ ಮುಚ್ಚಿಡಲು ನನಗಿಷ್ಟವಿಲ್ಲ. ಅವನನ್ನು ಪ್ರೀತಿಸುವವರು ಈ ಕಾಗದಗಳನ್ನೂ ಓದಬೇಕು.

ಅಲ್ಲಿಂದ ಅವನ ನಿದ್ದೆ ಹೋಯಿತು. ಕೆಟ್ಟ ಕನಸು, ಬೆಚ್ಚಿ ಏಳುವುದು, ಬಂದೂಕು ಪಕ್ಕದಲ್ಲಿಟ್ಟುಕೊಂಡು ಎದ್ದು ಕೂರುವುದು. ಕುಡಿತ ಮೊದಲೂ ಇತ್ತು, ಈಗ ಜಾಸ್ತಿಯಾಯಿತು. ಇವತ್ತು ಇಂಥ ಸ್ಥಿತಿಗೆ ಡಾಕ್ಟರು ಒಂದು ಹೆಸರು ಹೇಳುತ್ತಾರೆ, ಔಷಧಿ ಕೊಡುತ್ತಾರೆ, ಕೂತು ಮಾತಾಡುತ್ತಾರೆ. ಅವನ ಕಾಲದಲ್ಲಿ ಇದ್ದದ್ದು ಬಾಟಲಿ ಒಂದೇ. ಎರಡು ಮೂರು ವರ್ಷ ಅಲ್ಲೇ ಜಮೀನು ನೋಡಿಕೊಂಡು, 1864ರಲ್ಲಿ ವಿಕ್ಟೋರಿಯಾಕ್ಕೆ ಬಂದುಬಿಟ್ಟ.

ಈಗ ಕೇಳಿ. 1866ರ ಕೊನೆಯಲ್ಲಿ ಅವನಿಗೆ ಒಂದು ಕೆಲಸ ಬಂತು. ವಿಕ್ಟೋರಿಯಾದ ಪಶ್ಚಿಮಕ್ಕೆ ಎಡೆನ್‌ಹೋಪ್ ಅಂತ ಸಣ್ಣ ಊರು, ಪಕ್ಕದಲ್ಲಿ ವ್ಯಾಲೇಸ್ ಕೆರೆ. ಅಲ್ಲಿನ ಕುರಿ ಜಮೀನುಗಳಲ್ಲಿ ಕೆಲಸ ಮಾಡುತ್ತಿದ್ದ ಮೂಲನಿವಾಸಿ ಹುಡುಗರು ಕ್ರಿಕೆಟ್ ಚೆನ್ನಾಗಿ ಆಡುತ್ತಿದ್ದರು. ಅವರನ್ನು ಮೆಲ್ಬರ್ನ್‌ನಲ್ಲಿ ಆಡಿಸಬೇಕು, ಅದಕ್ಕೆ ತಯಾರು ಮಾಡಲು ಕೋಚ್ ಬೇಕು. ಟಾಮ್ ಒಪ್ಪಿಕೊಂಡ. ಹೊರಟ.

ಯಾಕೆ ಒಪ್ಪಿಕೊಂಡ? ಅವನು ಎಲ್ಲೂ ಹೇಳಿಲ್ಲ. ಸುಮ್ನೆ ಹೋದ. ದುಡ್ಡಿನ ಅಗತ್ಯ ಇತ್ತು ಅನ್ನುವವರಿದ್ದಾರೆ. ಇದ್ದಿರಬಹುದು. ಆದರೆ ದುಡ್ಡಿಗಾಗಿ ಬೇರೆ ಕಡೆಯೂ ಹೋಗಬಹುದಿತ್ತು. ನನ್ನ ತಿಳುವಳಿಕೆ ಬೇರೆ. ಎಡೆನ್‌ಹೋಪ್ ಕಡೆಯ ಜನರ ಮಾತು ಜಾರ್ಡ್‌ವಾಜಾಲಿ. ಟಾಮ್ ಚಿಕ್ಕವನಿದ್ದಾಗ ಕಲಿತ ಜಾಬ್ ವುರುಂಗ್ ಮಾತಿಗೂ ಅದಕ್ಕೂ ಅಕ್ಕತಂಗಿಯರ ಸಂಬಂಧ. ಅಂದರೆ ಅವನು ಹೋದದ್ದು ತನ್ನ ಬಾಲ್ಯದ ಮಾತು ಕೇಳಿಸುವ ಕಡೆಗೆ. ತಂದೆ ಸತ್ತ ಜಾಗ ಉತ್ತರಕ್ಕೆ ಬಹಳ ದೂರ. ತಂದೆ ಬದುಕಿದ್ದ ಕಾಲದ ದನಿಗಳು ಇಲ್ಲಿ. ಹಾಗಾಗಿ ಹೋದ ಅಂತ ನಾನು ನಂಬಿದ್ದೇನೆ. ನೀವು ಒಪ್ಪಬೇಕೆಂದಿಲ್ಲ.

ಬಾಕ್ಸಿಂಗ್ ಡೇ ದಿನ ಸಾವಿರಾರು ಜನ ಮೈದಾನಕ್ಕೆ ಬಂದರು. ಮುಲ್ಲಾ, ಬುಲ್ಲಕಿ, ಜಾನಿ ಕಝನ್ಸ್, ಡಿಕ್ ಎ ಡಿಕ್, ಜೆಲ್ಲಿಕೊ ಇವರೆಲ್ಲ ಟಾಮ್ ಹಿಂದೆ ಹುಲ್ಲಿನ ಮೇಲೆ ನಡೆದು ಬಂದರು. ಈ ಹೆಸರುಗಳೆಲ್ಲ ಬಿಳಿಯರು ಇಟ್ಟದ್ದು, ಅವರ ಮನೆಯ ಹೆಸರಲ್ಲ. ಪಂದ್ಯ ಸೋತರು. ಆದರೆ ಜನ ಅವರ ಪರವಾಗಿ ಚಪ್ಪಾಳೆ ತಟ್ಟಿದರು, ಮುಲ್ಲಾ ಅವರ ಬ್ಯಾಟಿಂಗ್ ಎಲ್ಲರಿಗೂ ಹಿಡಿಸಿತು. ಆಮೇಲೆ 1867ರಲ್ಲಿ ಸಿಡ್ನಿಗೆ ಹೋದರು. ಪ್ರವಾಸಕ್ಕೆ ದುಡ್ಡು ಹಾಕುತ್ತೇನೆ ಅಂದವನು ಮೋಸ ಮಾಡಿದ. ಊಟಕ್ಕೆ, ಉಳಿಯಲು ತೊಂದರೆಯಾಯಿತು. ಕುಡಿತ ತಂಡದೊಳಗೂ ಬಂತು. ಕ್ಯಾಪ್ಟನ್ನೇ ಕುಡಿಯುವವನು, ಯಾರು ಯಾರನ್ನು ತಡೆಯಬೇಕು? ಆ ಪ್ರವಾಸದ ಸಮಯದಲ್ಲಿ ಮತ್ತು ಅದು ಮುಗಿದ ಬೆನ್ನಿಗೆ ನಾಲ್ವರು ಆಟಗಾರರು ಕಾಯಿಲೆ ಬಿದ್ದು ಸತ್ತರು. ಅವರಲ್ಲಿ ಜೆಲ್ಲಿಕೊ ಒಬ್ಬ. ಈ ಸಾವುಗಳಲ್ಲಿ ಟಾಮ್ ಪಾಲು ಇಲ್ಲ ಅಂತ ನಾನು ಹೇಳಲಾರೆ.

1868ರಲ್ಲಿ ಉಳಿದವರು ಇಂಗ್ಲೆಂಡಿಗೆ ಹೋದರು. ಆಸ್ಟ್ರೇಲಿಯಾದಿಂದ ಇಂಗ್ಲೆಂಡಿಗೆ ಹೋದ ಮೊದಲ ಕ್ರಿಕೆಟ್ ತಂಡವೇ ಅದು. 47 ಪಂದ್ಯ ಆಡಿ 14 ಗೆದ್ದರು, 14 ಸೋತರು, 19 ಡ್ರಾ. ಕ್ಯಾಪ್ಟನ್ ಆಗಿ ಹೋದವರು ಚಾರ್ಲ್ಸ್ ಲಾರೆನ್ಸ್. ಟಾಮ್‌ನನ್ನು ಕರೆದುಕೊಂಡು ಹೋಗಲಿಲ್ಲ. 1869ರಲ್ಲಿ ವಿಕ್ಟೋರಿಯಾ ಸರಕಾರ ಒಂದು ಕಾನೂನು ತಂದಿತು. ಮೂಲನಿವಾಸಿಗಳು ಎಲ್ಲಿರಬೇಕು, ಎಲ್ಲಿ ದುಡಿಯಬೇಕು ಅನ್ನುವುದನ್ನೆಲ್ಲ ಸರಕಾರವೇ ಹೇಳುವಂತಾಯಿತು. ಅಂಥ ತಂಡ ಮತ್ತೆ ಕಟ್ಟುವ ದಾರಿಯೇ ಮುಚ್ಚಿತು.

ಇಲ್ಲಿ ಒಂದು ಪ್ರಶ್ನೆ ಬಂದೇ ಬರುತ್ತದೆ. ಮೂಲನಿವಾಸಿಗಳ ಆಟದಿಂದಲೇ ಟಾಮ್ ಈ ಫುಟ್‌ಬಾಲ್ ತಂದನೇ? ವಿಕ್ಟೋರಿಯಾದ ಪಶ್ಚಿಮದ ಜನ ಮಾರ್ನ್‌ಗ್ರೂಕ್ ಅನ್ನುವ ಆಟ ಆಡುತ್ತಿದ್ದರು. ಪೋಸಮ್ ಅನ್ನುವ ಪ್ರಾಣಿಯ ಚರ್ಮ ಸುತ್ತಿ ಹೊಲಿದ ಚೆಂಡು. ಅದನ್ನು ಮೇಲಕ್ಕೆ ಒದೆಯುವುದು, ಹಾರಿ ಹಿಡಿಯುವುದು. ಓದಿದರೆ ಮಾರ್ಕ್ ಕಣ್ಣ ಮುಂದೆ ಬರುತ್ತದೆ. ಟಾಮ್ ಆ ಮಕ್ಕಳ ಜೊತೆ ಬೆಳೆದವನು, ಆ ಆಟ ಆಡಿರಲೇಬೇಕು ಅನ್ನುತ್ತಾರೆ ಒಂದು ಕಡೆಯವರು. ಅವನ ಕಾಗದಗಳಲ್ಲಿ ಅದರ ಸುದ್ದಿಯೇ ಇಲ್ಲ, ಪರೇಡ್ ಹೋಟೆಲಿನಲ್ಲಿ ನೋಡಿದ್ದೆಲ್ಲ ಇಂಗ್ಲಿಷ್ ಶಾಲೆಗಳ ನಿಯಮ ಅನ್ನುತ್ತಾರೆ ಇನ್ನೊಂದು ಕಡೆಯವರು. 2008ರಲ್ಲಿ ಆಟಕ್ಕೆ 150 ವರ್ಷ ತುಂಬಿದಾಗ ಈ ಜಗಳ ಜೋರಾಯಿತು. 2019ರಲ್ಲಿ ಆಟದ ಆಡಳಿತ ನಡೆಸುವ ಎಎಫ್ಎಲ್ ಮಾರ್ನ್‌ಗ್ರೂಕ್ ಅನ್ನು ನೆನೆದು, ಇದು ಈ ನೆಲದ ಹಳೆಯ ಪರಂಪರೆಯಿಂದ ಬಂದ ಆಟ ಅಂತ ಹೇಳಿಕೆ ಕೊಟ್ಟಿತು.

ನನಗೆ ಕಾಗದದ ಸಾಕ್ಷಿ ಮುಖ್ಯ. ಆ ಹತ್ತು ನಿಯಮಗಳಲ್ಲಿ ಮಾರ್ನ್‌ಗ್ರೂಕ್ ಕಾಣುವುದಿಲ್ಲ. ಆದರೆ ನಿಯಮ ಬೇರೆ, ಆಟ ಬೇರೆ. ಹಾಳೆಯ ಮೇಲೆ ಬರೆಯದೆ ಇರುವ ಎಷ್ಟೋ ಸಂಗತಿ ಆಡುವವನ ಮೈಯಲ್ಲಿರುತ್ತದೆ. ಐದರಿಂದ ಹತ್ತು ವರ್ಷದ ತನಕ ಮಗು ಯಾರ ಜೊತೆ ಓಡಿತು, ಹೇಗೆ ಹಾರಿತು ಅನ್ನುವುದು ಆ ಮೈಗೆ ಮರೆಯುವುದಿಲ್ಲ.

ಉಳಿದದ್ದನ್ನು ಬೇಗ ಹೇಳಿ ಮುಗಿಸುತ್ತೇನೆ. ಅವನ ಬೌಲಿಂಗ್ ಮೇಲೆ ಅನುಮಾನ ಬಂತು. ಕೈ ಮಡಚಿ ಎಸೆಯುತ್ತಾನೆ ಅಂತ 1872ರಲ್ಲಿ ನ್ಯೂ ಸೌತ್ ವೇಲ್ಸ್ ವಿರುದ್ಧದ ಪಂದ್ಯದಲ್ಲಿ ನೋ ಬಾಲ್ ಕೊಟ್ಟರು. ಅದಕ್ಕೆ ಮೊದಲು ಪತ್ರಿಕೆಯಲ್ಲಿ ಜೋರಾಗಿ ಬರೆದದ್ದು ಯಾರು? ಪರೇಡ್ ಹೋಟೆಲಿನಲ್ಲಿ ಜೊತೆಗೆ ಕೂತು ನಿಯಮ ಬರೆದ ಹ್ಯಾಮರ್ಸ್‌ಲಿ. ಸ್ನೇಹ ಹಳಸಿತ್ತು. ಫುಟ್‌ಬಾಲ್ ಬೆಳೆಯಿತು. ಹ್ಯಾರಿಸನ್ ದೊಡ್ಡ ಓಟಗಾರ, ಶಿಸ್ತಿನ ಮನುಷ್ಯ, ಟಾಮ್‌ನ ತಂಗಿಯನ್ನೇ ಮದುವೆಯಾಗಿದ್ದವರು. 1866ರಲ್ಲಿ ನಿಯಮಗಳನ್ನು ತಿದ್ದಿ ಬರೆದ ಸಮಿತಿಯಲ್ಲಿ ಅವರೇ ಮುಂದೆ. ಆಟದ ತಂದೆ ಅನ್ನುವ ಬಿರುದು ಅವರಿಗೆ ಹೋಯಿತು. ಟಾಮ್ ಸಾಲ ಮಾಡಿಕೊಂಡು, ಊರಾಚೆಯ ಹೈಡೆಲ್‌ಬರ್ಗ್‌ನಲ್ಲಿ ಸಾರಾ ಬಾರ್ಬರ್ ಅನ್ನುವ ಹೆಂಗಸಿನ ಜೊತೆ ಬದುಕುತ್ತಿದ್ದ. ಮದುವೆ ಆಗಿರಲಿಲ್ಲ. ಸಾರಾ ಕೊನೆಯ ತನಕ ಅವನನ್ನು ಬಿಡಲಿಲ್ಲ.

1880ರ ಏಪ್ರಿಲ್ ಕೊನೆಯಲ್ಲಿ ಕುಡಿತ ನಿಂತಿತು. ಬಹಳ ವರ್ಷ ಕುಡಿದವರು ತಟ್ಟನೆ ನಿಲ್ಲಿಸಿದರೆ ಮೈ ನಡುಗುತ್ತದೆ, ಇಲ್ಲದ್ದು ಕಾಣುತ್ತದೆ, ಯಾರೋ ಕೊಲ್ಲಲು ಬರುತ್ತಿದ್ದಾರೆ ಅನಿಸುತ್ತದೆ. ಸಾರಾ ಅವನನ್ನು ಮೆಲ್ಬರ್ನ್ ಆಸ್ಪತ್ರೆಗೆ ಸೇರಿಸಿದರು. ಅವನು ಅಲ್ಲಿಂದ ತಪ್ಪಿಸಿಕೊಂಡು ಮನೆಗೆ ಬಂದ. ಮೇ 2ರಂದು ತನ್ನ ಪ್ರಾಣ ತಾನೇ ತೆಗೆದುಕೊಂಡ. 44 ವರ್ಷ. ಹೈಡೆಲ್‌ಬರ್ಗ್‌ನ ವಾರಿಂಗಲ್ ಸ್ಮಶಾನದಲ್ಲಿ ಹೂಳಿದರು.

ಅದಕ್ಕೆ ಒಂದು ವರ್ಷ ಮೊದಲು, 1879ರಲ್ಲಿ, ಜಾನಿ ಮುಲ್ಲಾ ಮೆಲ್ಬರ್ನ್‌ಗೆ ಮತ್ತೆ ಬಂದಿದ್ದರು. ಲಾರ್ಡ್ ಹ್ಯಾರಿಸ್ ಅವರ ಇಂಗ್ಲೆಂಡ್ ತಂಡದ ವಿರುದ್ಧ ವಿಕ್ಟೋರಿಯಾ ಪರ ಆಡಿ, ಎರಡನೇ ಇನಿಂಗ್ಸ್‌ನಲ್ಲಿ 36 ಹೊಡೆದರು. ತಂಡದಲ್ಲಿ ಅದೇ ಹೆಚ್ಚು. ಟಾಮ್ ಆ ಆಟ ನೋಡಲು ಹೋಗಿದ್ದನೋ ಇಲ್ಲವೋ ಅಂತ ನಾನು ಎಷ್ಟೋ ಸಲ ಯೋಚಿಸಿದ್ದೇನೆ. ಹೈಡೆಲ್‌ಬರ್ಗ್ ಮೈದಾನಕ್ಕೆ ದೂರವೇನಲ್ಲ.

ಇಲ್ಲಿ ಕೂತಿರುವವರಲ್ಲಿ ಎಷ್ಟೋ ಜನರ ಮಕ್ಕಳು ಈಗ ಮೆಲ್ಬರ್ನ್‌ನಲ್ಲಿದ್ದಾರೆ. ಬೇಸಿಗೆಗೆ, ಬಾಣಂತನಕ್ಕೆ ಅಂತ ನೀವೂ ಹೋಗಿ ಬರುತ್ತೀರಿ. ಮೈದಾನ ನೋಡಲು ಮೊಮ್ಮಕ್ಕಳು ಕರೆದುಕೊಂಡು ಹೋಗುತ್ತಾರೆ. 2018ರ ಬಾಕ್ಸಿಂಗ್ ಡೇಗೆ ನಮ್ಮ ಬೆಂಗಳೂರಿನ ಮಯಾಂಕ್ ಅಗರ್‌ವಾಲ್ ಮೊದಲ ಟೆಸ್ಟ್ ಆಡಿ 76 ಹೊಡೆದದ್ದು ಇಲ್ಲೇ ಅಂತ ನೀವು ಅವರಿಗೆ ಹೇಳಿ. ಮೈದಾನದ ಹೊರಗೆ ಕಂಚಿನ ಪ್ರತಿಮೆಗಳಿವೆ. ಬ್ರಾಡ್‌ಮನ್ ಮುಂದೆ ಎಲ್ಲರೂ ಫೋಟೊ ತೆಗೆಸಿಕೊಳ್ಳುತ್ತಾರೆ. ಇನ್ನೊಂದು ಪ್ರತಿಮೆ ಹುಡುಕಿ. ಇಬ್ಬರು ಶಾಲೆ ಹುಡುಗರು ಚೆಂಡಿಗಾಗಿ ಕಾದಾಡುತ್ತಿದ್ದಾರೆ, ಪಕ್ಕದಲ್ಲಿ ಅಂಪೈರ್ ನಿಂತಿದ್ದಾನೆ. ಅದು 1858ರ ಆಗಸ್ಟ್ 7. ಆ ಅಂಪೈರ್ ಟಾಮ್.

ಇನ್ನೂ ಅರ್ಧ ದಿನ ಬಿಡುವಿದ್ದರೆ ಹರ್ಸ್ಟ್‌ಬ್ರಿಡ್ಜ್ ಕಡೆಗೆ ಹೋಗುವ ರೈಲು ಹತ್ತಿ ಹೈಡೆಲ್‌ಬರ್ಗ್‌ನಲ್ಲಿ ಇಳಿಯಿರಿ. ವಾರಿಂಗಲ್ ಸ್ಮಶಾನ ಅಲ್ಲೇ ಹತ್ತಿರ. ಅವನ ಸಮಾಧಿಗೆ ಕಲ್ಲು ಇದೆ. ಜನರಿಂದ ದುಡ್ಡು ಕೂಡಿಸಿ ಅದನ್ನು ನಿಲ್ಲಿಸಿದ್ದು 1980ರಲ್ಲಿ. ಅದಕ್ಕೆ ಮೊದಲು ನೂರು ವರ್ಷ ಅಲ್ಲಿ ಹುಲ್ಲು ಮಾತ್ರ ಇತ್ತು.